ಪ್ರತಿವಿಷಕ್ಕೆ ಅಳತೆಗೋಲನ್ನಿತ್ತ ಪಾಲ್ ಎರ್ಲಿಕ್

ಬೇಗೂರಿನ ಹಸುಗೂಸಿಗೆ ಇಂದು ಗಂಟಲಮಾರಿಯ ಲಸಿಕೆ ಹಾಕಿಸುವುದು ತಾಯಂದಿರಿಗೆ ಸಹಜವಾದ ಕರ್ತವ್ಯವಾಗಿದೆ. ಆ ಮಗುವಿನ ರಕ್ತದಲ್ಲಿ ರೋಗವನ್ನು ತಡೆಯುವ ಪ್ರತಿಕಾಯಗಳು ಸಾಕಷ್ಟಿವೆಯೇ ಎಂಬುದನ್ನು ಪ್ರಯೋಗಶಾಲೆಯಲ್ಲಿ ಅಳೆದು ನೋಡಬಹುದು. ಒಂದು ಮಿಲಿಲೀಟರ್ ಸೀರಮ್ಮಿನಲ್ಲಿ 0.1 ಅಂತರರಾಷ್ಟ್ರೀಯ ಏಕಮಾನದಷ್ಟು ಪ್ರತಿವಿಷವಿದ್ದರೆ ಮಗುವಿಗೆ ಪೂರ್ಣ ರಕ್ಷಣೆಯಿದೆಯೆಂದು ವೈದ್ಯರು ಎಣಿಸುತ್ತಾರೆ. ಈ ಏಕಮಾನದ ಮೂಲಪುರುಷರೇ ಪಾಲ್ ಎರ್ಲಿಕ್.

ಎರ್ಲಿಕ್ ಅವರು 1854ರ ಮಾರ್ಚ್ 14ರಂದು ಅಂದಿನ ಪ್ರಷ್ಯದ ಸ್ಟ್ರೇಲೆನ್ ಎಂಬ ಊರಿನ ಯೆಹೂದಿ ಕುಟುಂಬದಲ್ಲಿ ಜನಿಸಿದರು. ವೈದ್ಯ ವಿದ್ಯಾರ್ಥಿಯಾಗಿದ್ದಾಗಲೇ ಅವರಿಗೆ ಬಣ್ಣಗಳ ಮೋಹ ಹತ್ತಿತು. ಒಂದು ಬಣ್ಣವು ಒಂದು ಬಗೆಯ ಜೀವಕೋಶಕ್ಕೆ ಅಂಟಿಕೊಂಡು ಮತ್ತೊಂದಕ್ಕೆ ಅಂಟದಿರುವುದೇಕೆ ಎಂಬ ಪ್ರಶ್ನೆಯೇ ಅವರ ಜೀವಮಾನದ ಅನ್ವೇಷಣೆಗೆ ಬೀಜವಾಯಿತು. ನಡುವೆ ಕ್ಷಯರೋಗ ಅವರನ್ನೇ ಹಿಡಿಯಿತು. ಈಜಿಪ್ಟಿನ ಒಣಹವೆಯಲ್ಲಿ ಕೆಲಕಾಲವಿದ್ದು ಚೇತರಿಸಿಕೊಂಡು ಬಂದರು.

ನಮ್ಮ ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಗುಲಗಂಜಿಯೂ ಎರ್ಲಿಕ್ ಅವರ ಜೀವನದಲ್ಲಿ ಪಾತ್ರ ವಹಿಸಿದೆ. 1891ರಲ್ಲಿ ಅವರು ಗುಲಗಂಜಿಯ ಮತ್ತು ಹರಳುಬೀಜದ ವಿಷವನ್ನು ಇಲಿಗಳಿಗೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಕೊಟ್ಟರು. ಕೊಲ್ಲಬೇಕಾದ ಪ್ರಮಾಣಕ್ಕಿಂತ ಎಷ್ಟೋ ಪಟ್ಟು ವಿಷವನ್ನು ಅವು ಅರಗಿಸಿಕೊಂಡವು. ಆದರೆ ಹರಳಿನ ವಿಷವನ್ನು ಗೆದ್ದ ಇಲಿಯು ಗುಲಗಂಜಿಯ ವಿಷಕ್ಕೆ ಬಲಿಯಾಯಿತು. ಪ್ರತಿಯೊಂದು ವಿಷಕ್ಕೂ ಅದರದೇ ಪ್ರತಿವಿಷವುಂಟು, ಅದರ ಬಲವನ್ನು ಅಂಕಿಗಳಲ್ಲಿ ಹೇಳಬಹುದು ಎಂಬುದು ಇದರಿಂದ ಸಿದ್ಧವಾಯಿತು.

ಅದೇ ಕಾಲದಲ್ಲಿ ಬೇರಿಂಗ್ ಅವರ ಗಂಟಲಮಾರಿ ಸೀರಮ್ ಬಳಕೆಗೆ ಬರುತ್ತಿತ್ತು. ಆದರೆ ಒಂದು ಸೀಸೆಯ ಮದ್ದು ಮಗುವನ್ನು ಉಳಿಸಿದರೆ ಇನ್ನೊಂದು ಸೀಸೆಯದು ನಿಷ್ಫಲವಾಗುತ್ತಿತ್ತು. ಬಲವನ್ನು ಅಳೆಯುವುದಾದರೂ ಹೇಗೆ? ಅಳತೆಗೆ ಆಧಾರವಾಗಿದ್ದ ವಿಷವೇ ದಿನಕಳೆದಂತೆ ತನ್ನ ತೀಕ್ಷ್ಣತೆಯನ್ನು ಕಳೆದುಕೊಳ್ಳುತ್ತಿತ್ತು. ಎರ್ಲಿಕ್ ಅವರು ವಿಷವನ್ನು ಬಿಟ್ಟು ಸೀರಮ್ಮನ್ನೇ ಅಳತೆಗೋಲಾಗಿ ಆರಿಸಿದರು. ಅದನ್ನು ಒಣಗಿಸಿ, ಗಾಳಿಯಿಲ್ಲದ ಗಾಜಿನ ಕೊಳವೆಗಳಲ್ಲಿ ಭದ್ರಪಡಿಸಿ, ಪ್ರತಿ ಹೊಸ ಸೀರಮ್ಮನ್ನೂ ಅದರೊಡನೆ ಹೋಲಿಸುವ ವಿಧಾನವನ್ನು 1897ರಲ್ಲಿ ಪ್ರಕಟಿಸಿದರು. ಅಂದಿನಿಂದ ಮದ್ದಿನ ಬಲ ಊಹೆಯ ಮಾತಾಗಿ ಉಳಿಯಲಿಲ್ಲ. 1922ರಲ್ಲಿ ರಾಷ್ಟ್ರಸಂಘವು ಈ ಏಕಮಾನವನ್ನೇ ಜಗತ್ತಿಗೆಲ್ಲ ಸಾಮಾನ್ಯವನ್ನಾಗಿಸಿತು.

1908ರಲ್ಲಿ ಮೆಚ್ನಿಕೋಫ್ ಅವರೊಡನೆ ನೊಬೆಲ್ ಪ್ರಶಸ್ತಿ, 1910ರಲ್ಲಿ ಉಪದಂಶ ರೋಗಕ್ಕೆ ಸಾಲ್ವರ್ಸಾನ್ ಔಷಧಿ, ಹೀಗೆ ಕೀರ್ತಿ ಅವರನ್ನು ಅರಸಿ ಬಂದಿತು. 1915ರ ಆಗಸ್ಟ್ 20ರಂದು ಅವರು ಕಾಲವಶರಾದರು. ಮುಂದೆ ನಾತ್ಸಿಗಳು ಯೆಹೂದಿಯೆಂಬ ಕಾರಣಕ್ಕೆ ಬೀದಿಯ ಫಲಕದಿಂದ ಅವರ ಹೆಸರನ್ನು ಅಳಿಸಿದರು. ಅವರ ಪತ್ನಿ ಹೆಡ್ವಿಗ್ ದೇಶ ತೊರೆಯಬೇಕಾಯಿತು.

ಫಲಕ ಅಳಿದರೂ ಅಳತೆ ಅಳಿಯಲಿಲ್ಲ. 1971ರಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡ ಎಲೈಸಾ ಪರೀಕ್ಷೆಯು ಪ್ರತಿಕಾಯವನ್ನು ಬಣ್ಣದ ಗಾಢತೆಯಿಂದಲೇ ಅಳೆಯುತ್ತದೆ. ಬಣ್ಣವನ್ನು ಮೋಹಿಸಿದ ಎರ್ಲಿಕ್ ಅದನ್ನು ಕಂಡಿದ್ದರೆ ಹಿಗ್ಗುತ್ತಿದ್ದರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯನ್ನು ರೋಗಿಯ ರಕ್ತದಲ್ಲಿ ಪತ್ತೆಹಚ್ಚಲು ಇಂದು ಈ ಪರೀಕ್ಷೆಯೂ ನೆರವಾಗುತ್ತಿದೆ. ಸರಿಯಾಗಿ ಅಳೆಯುವುದೂ ಜೀವ ಉಳಿಸುವ ಸೇವೆಯೇ ಎಂಬುದನ್ನು ವಿದ್ಯಾರ್ಥಿಗಳಿಗೆ ಕಲಿಸಲು ಈ ಮಹನೀಯರ ಬಾಳಿಗಿಂತ ಮಿಗಿಲಾದ ಪಾಠ ವಿರಳ.