ಉದ್ಯಾನ ನಗರಿ ಅಂದ್ರೆ ಬರೀ ಪಾರ್ಕಲ್ಲ: ಎಬೆನೀಜರ್ ಹೊವಾರ್ಡ್ ಹಾಕಿದ ಲೆಕ್ಕ

ಉದ್ಯಾನ ನಗರಿ ಅಂದ ಕೂಡಲೇ ನಮಗೆ ನೆನಪಾಗೋದು ಲಾಲ್‌ಬಾಗ್, ಕಬ್ಬನ್ ಪಾರ್ಕ್. ಆದರೆ ಗಾರ್ಡನ್ ಸಿಟಿ ಅನ್ನೋದನ್ನು ಒಂದು ರಾಜಕೀಯ ಯೋಜನೆಯಾಗಿಸಿದ ಎಬೆನೀಜರ್ ಹೊವಾರ್ಡ್‌ಗೆ ಹೂವಿನ ಮಡಿಗಿಂತ ಹೊಲ ಮುಖ್ಯವಾಗಿತ್ತು.

1850ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಹೊವಾರ್ಡ್ ಹದಿನೈದಕ್ಕೇ ಶಾಲೆ ಬಿಟ್ಟು ಗುಮಾಸ್ತರಾದರು. 21ನೇ ವಯಸ್ಸಲ್ಲಿ ಅಮೆರಿಕದ ನೆಬ್ರಾಸ್ಕಾಕ್ಕೆ ಹೋಗಿ ಬೇಸಾಯಕ್ಕಿಳಿದರು, ಕೈ ಹತ್ತಲಿಲ್ಲ. ಷಿಕಾಗೊದಲ್ಲಿ ಕೆಲ ವರ್ಷ ಶೀಘ್ರಲಿಪಿಕಾರರಾಗಿದ್ದು 1876ರಲ್ಲಿ ವಾಪಸ್ ಬಂದರು. ಆಮೇಲೆ ಹೊಟ್ಟೆಪಾಡಿಗೆ ಬ್ರಿಟಿಷ್ ಪಾರ್ಲಿಮೆಂಟಿನ ಕಲಾಪ ಬರೆದುಕೊಳ್ಳುವ ಕೆಲಸ. ಹಳ್ಳಿ ಖಾಲಿಯಾಗ್ತಿದೆ, ಪಟ್ಟಣ ಉಸಿರುಗಟ್ಟುತ್ತಿದೆ ಎಂಬ ವಿಷಯದಲ್ಲಿ ಮಾತ್ರ ಎಲ್ಲ ಪಕ್ಷದವರದ್ದೂ ಒಂದೇ ಮಾತು ಅನ್ನೋದನ್ನು ಅವರು ಗಮನಿಸಿದ್ದರು.

1898ರಲ್ಲಿ ಬಂದ ಅವರ ಪುಸ್ತಕದ ಲೆಕ್ಕ ಹೀಗಿದೆ: ಒಟ್ಟು 6,000 ಎಕರೆ. ಊರಿಗೆ 1,000, ಸುತ್ತಲಿನ 5,000 ಎಕರೆ ಹೊಲ, ಹಣ್ಣಿನ ತೋಟ, ಹಸುಗಳ ಹುಲ್ಲುಗಾವಲು, ಸಣ್ಣ ಹಿಡುವಳಿಗಳಿಗೆ. ಜನ 32,000. ಊರಿನ ಕೊಳಚೆ ಗೊಬ್ಬರವಾಗಿ ಹೊಲಕ್ಕೆ ಹೋಗಬೇಕು. ಬೆಳೆಗೆ ಪಕ್ಕದಲ್ಲೇ ಗಿರಾಕಿ ಇರೋದ್ರಿಂದ ರೈತನಿಗೆ ಸಾಗಣೆ ಖರ್ಚು ಉಳಿಯುತ್ತೆ. ಬೇರೆಲ್ಲಾದರೂ ಮಾರ್ತೀನಿ ಅಂದರೆ ತಡೆಯೂ ಇಲ್ಲ. ಊರು ತುಂಬಿದರೆ? ಹೊಲ ದಾಟಿ ಆಚೆಗೆ ಇನ್ನೊಂದು ಊರು ಕಟ್ಟೋದು. ಹೊಲದ ಮೇಲಲ್ಲ.

ಹೊಲ ಉಳಿಯೋದು ನಕಾಶೆಯ ಹಸಿರು ಬಣ್ಣದಿಂದಲ್ಲ, ಭೂಮಿ ಯಾರದ್ದು ಅನ್ನೋದರಿಂದ. ಹೊವಾರ್ಡ್‌ಗೆ ಇದು ಗೊತ್ತಿತ್ತು. ಜಮೀನನ್ನು ಕೃಷಿ ಬೆಲೆಗೇ ಕೊಂಡು ಊರಿನ ಪರವಾಗಿ ಟ್ರಸ್ಟಿನಲ್ಲಿ ಇಡಬೇಕು. ಜನ ಬಂದಂತೆ ಬೆಲೆ ಏರುತ್ತಲ್ಲ, ಆ ಲಾಭ ಜಮೀನ್ದಾರನಿಗಲ್ಲ, ಬಾಡಿಗೆ ರೂಪದಲ್ಲಿ ಊರಿಗೇ ಬರಬೇಕು. ರಿಯಲ್ ಎಸ್ಟೇಟಿನವರು ಹೊಲ ಹುಡುಕಿಕೊಂಡು ಬರೋದೇ ಈ ಏರಿಕೆಗಾಗಿ ತಾನೇ?

1903ರಲ್ಲಿ ಲಂಡನ್ನಿನ ಉತ್ತರಕ್ಕೆ ಲೆಚ್‌ವರ್ತ್ ಶುರುವಾಯ್ತು, 3,818 ಎಕರೆಯಲ್ಲಿ. ದುಡ್ಡು ಬರಬೇಕಿದ್ದದ್ದು ಶೇರುದಾರರಿಂದ. ಅವರ ಲಾಭಾಂಶಕ್ಕೆ ಶೇ. 5ರ ಮಿತಿ ಹಾಕಿದ್ದೇನೋ ನಿಜ. ಆದರೆ ಬೆಲೆ ಏರಿದಂತೆ ಬಾಡಿಗೆ ಪರಿಷ್ಕರಿಸುವ ಯೋಜನೆಯ ಜೀವಾಳವನ್ನೇ ಬಿಟ್ಟು, 99 ವರ್ಷದ ಗುತ್ತಿಗೆ ಒಪ್ಪಿಕೊಳ್ಳಬೇಕಾಯ್ತು. ನನ್ನ ಪ್ರಕಾರ ಹೊವಾರ್ಡ್ ಸೋತಿದ್ದು ಇಲ್ಲೇ. ಮುದುಕ ಸುಮ್ಮನೆ ಕೂರಲಿಲ್ಲ ಬಿಡಿ. 1919ರಲ್ಲಿ, ಎಪ್ಪತ್ತರ ಅಂಚಿನಲ್ಲಿ, ಸಾಕಷ್ಟು ದುಡ್ಡಿಲ್ಲದೆಯೇ ಹರಾಜಿನಲ್ಲಿ ಜಮೀನು ಕೂಗಿ ವೆಲ್ವಿನ್ ಎಂಬ ಎರಡನೇ ಊರಿಗೆ ದಾರಿ ಮಾಡಿದರು. 1928ರಲ್ಲಿ ತೀರಿಕೊಂಡಿದ್ದೂ ಅಲ್ಲೇ.

ಜಗತ್ತು ಗಾರ್ಡನ್ ಸಿಟಿಯ ಹೆಸರನ್ನೂ ಸಾಲುಮರಗಳನ್ನೂ ತಗೊಂಡಿತು, ಭೂಮಿಯ ಲೆಕ್ಕವನ್ನು ಬಿಟ್ಟಿತು. ಲೆಚ್‌ವರ್ತ್‌ನ ಸಾಕಷ್ಟು ಆಸ್ತಿಯ ಬಾಡಿಗೆ ಇವತ್ತಿಗೂ ಅಲ್ಲಿನ ಪ್ರತಿಷ್ಠಾನವೊಂದರ ಮೂಲಕ ಊರಿಗೇ ಖರ್ಚಾಗುತ್ತೆ. ಅದೇ ಪ್ರತಿಷ್ಠಾನದ ಕೈಯಲ್ಲಿರುವ, ಊರಿನ ಉತ್ತರದ ಹೊಲಗಳಲ್ಲಿ ಈಗ ಮನೆ ಕಟ್ಟುವ ಯೋಜನೆಯಿದೆ.