ಸೊಂಟದ ಕೀಲು ಬದಲಾವಣೆಯ ರೂವಾರಿ ಸರ್ ಜಾನ್ ಚಾರ್ನ್ಲಿ (1911–1982)

ಸೊಂಟದ ಕೀಲು ಸವೆದವರಿಗೆ ನಾಲ್ಕು ಹೆಜ್ಜೆ ನಡೆಯುವುದೂ, ನೆಲದ ಮೇಲೆ ಕುಳಿತು ಏಳುವುದೂ ಯಾತನಾಮಯ. ಲೋಂಡಾ, ಖಾನಾಪುರ ಮುಂತಾದ ಕಡೆಗಳಿಂದ ಈ ನೋವಿನೊಂದಿಗೆ ಬೆಳಗಾವಿಯ ಆಸ್ಪತ್ರೆಗಳಿಗೆ ಬರುವ ಹಿರಿಯರಿಗೆ ವೈದ್ಯರು ಕೀಲು ಬದಲಾವಣೆ ಶಸ್ತ್ರಚಿಕಿತ್ಸೆಯನ್ನು ಸೂಚಿಸುವುದುಂಟು. ಈ ಚಿಕಿತ್ಸೆಗೆ ಭದ್ರ ಬುನಾದಿ ಹಾಕಿದವರು ಇಂಗ್ಲೆಂಡಿನ ಮೂಳೆ ಶಸ್ತ್ರಚಿಕಿತ್ಸಕ ಸರ್ ಜಾನ್ ಚಾರ್ನ್ಲಿ.

ಜನನ ಮತ್ತು ಶಿಕ್ಷಣ

ಚಾರ್ನ್ಲಿಯವರು 1911ರ ಆಗಸ್ಟ್ 29ರಂದು ಲ್ಯಾಂಕಾಷೈರ್ ಪ್ರಾಂತ್ಯದ ಬರಿ ಪಟ್ಟಣದಲ್ಲಿ ಜನಿಸಿದರು. ತಂದೆ ಔಷಧ ವ್ಯಾಪಾರಿ. ತಾಯಿ ದಾದಿಯ ತರಬೇತಿ ಪಡೆದವರು. 1935ರಲ್ಲಿ ಮ್ಯಾಂಚೆಸ್ಟರಿನಲ್ಲಿ ವೈದ್ಯ ಪದವಿ ಪಡೆದ ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನಾ ವೈದ್ಯರಾಗಿ ಈಜಿಪ್ಟಿನಲ್ಲಿ ಸೇವೆ ಸಲ್ಲಿಸಿದರು.

ಸಂಶೋಧನೆ

ಅಂದಿನ ಕೃತಕ ಕೀಲುಗಳು ಬೇಗ ಸಡಿಲಗೊಳ್ಳುತ್ತಿದ್ದವು. ಅಂತಹ ಕೀಲು ಹೊಂದಿದ್ದ ರೋಗಿಯೊಬ್ಬರು ಮುಂದಕ್ಕೆ ಬಾಗಿದಾಗಲೆಲ್ಲ ಕೀಲಿನಿಂದ ಕಿರುಗುಟ್ಟುವ ಸದ್ದು ಬರುತ್ತಿತ್ತು. ಘರ್ಷಣೆಯೇ ಸಮಸ್ಯೆಯ ಮೂಲವೆಂದು ಚಾರ್ನ್ಲಿಯವರು ಕಂಡುಕೊಂಡರು. ಸುಮಾರು 22 ಮಿಲಿಮೀಟರ್ ವ್ಯಾಸದ ಚಿಕ್ಕ ಉಕ್ಕಿನ ಗುಂಡು, ಅದು ಜಾರುವ ಪ್ಲಾಸ್ಟಿಕ್ ಬಟ್ಟಲು, ಇವೆರಡನ್ನೂ ಮೂಳೆಗೆ ಬಿಗಿಗೊಳಿಸುವ ಅಕ್ರಿಲಿಕ್ ಸಿಮೆಂಟ್ ಇವು ಅವರ ವಿನ್ಯಾಸದ ಮೂರು ಅಂಗಗಳು.

ಮೊದಲಿಗೆ ಬಟ್ಟಲಿಗೆ ಟೆಫ್ಲಾನ್ ಬಳಸಲಾಯಿತು. ಆರಂಭದ ಫಲಿತಾಂಶ ಉತ್ತಮವಾಗಿತ್ತು. ಆದರೆ ಎರಡು-ಮೂರು ವರ್ಷಗಳಲ್ಲಿ ಟೆಫ್ಲಾನ್ ಸವೆದು, ಅದರ ಕಣಗಳಿಂದ ಸುತ್ತಲಿನ ಅಂಗಾಂಶಕ್ಕೆ ಹಾನಿಯಾಯಿತು. ಸುಮಾರು 300 ರೋಗಿಗಳು ಆ ಕೀಲನ್ನು ಪಡೆದಿದ್ದರು. ಚಾರ್ನ್ಲಿಯವರು ಈ ವೈಫಲ್ಯವನ್ನು ಮರೆಮಾಚಲಿಲ್ಲ. ತೊಂದರೆಗೀಡಾದವರಿಗೆ ತಾವೇ ಮರು ಶಸ್ತ್ರಚಿಕಿತ್ಸೆ ನಡೆಸಿದರು.

ಈ ನಡುವೆ ಅವರ ತಂತ್ರಜ್ಞ ಹ್ಯಾರಿ ಕ್ರೇವನ್ ಅಧಿಕ ಅಣುತೂಕದ ಪಾಲಿಥೀನನ್ನು ಯಂತ್ರದಲ್ಲಿ ಉಜ್ಜಿ ಪರೀಕ್ಷಿಸಿದಾಗ ಅದು ಅತ್ಯಲ್ಪವಾಗಿ ಸವೆಯಿತು. ಚಾರ್ನ್ಲಿಯವರು ಎರಡೂ ವಸ್ತುಗಳ ಕಣಗಳನ್ನು ಮೊದಲು ತಮ್ಮ ತೊಡೆಯಲ್ಲಿಯೇ ಇರಿಸಿಕೊಂಡು ಪರಿಣಾಮ ಗಮನಿಸಿದರು. ಟೆಫ್ಲಾನ್ ಇದ್ದೆಡೆ ಗಂಟು ಬೆಳೆಯಿತು. ಪಾಲಿಥೀನ್ ಇದ್ದೆಡೆ ಅಂತಹ ತೊಂದರೆ ಕಾಣಲಿಲ್ಲ. 1962ರ ನವೆಂಬರಿನಲ್ಲಿ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಹೊಸ ಬಟ್ಟಲಿನ ಅಳವಡಿಕೆ ಆರಂಭವಾಯಿತು.

ಸೋಂಕು ತಡೆ ಮತ್ತು ದೀರ್ಘಾವಧಿ ನಿಗಾ

ಕೀಲಿಗೆ ಸೋಂಕು ತಗುಲಿದರೆ ಶಸ್ತ್ರಚಿಕಿತ್ಸೆಯೇ ವ್ಯರ್ಥವಾಗುತ್ತದೆ. ಇದಕ್ಕಾಗಿ ಅವರು ಶೋಧಿತ ಗಾಳಿ ಹರಿಯುವ ಶಸ್ತ್ರಚಿಕಿತ್ಸಾ ಕೊಠಡಿಯನ್ನೂ, ವೈದ್ಯರ ಉಸಿರು ಹೊರಬೀಳದ ವಿಶೇಷ ಉಡುಪನ್ನೂ ರೂಪಿಸಿದರು. ಸೋಂಕಿನ ಪ್ರಮಾಣ ಶೇ. 7ರ ಆಸುಪಾಸಿನಿಂದ ಸುಮಾರು ಶೇ. 1ಕ್ಕೆ ಇಳಿಯಿತು. ಟೆಫ್ಲಾನ್ ಕಲಿಸಿದ ಪಾಠದಿಂದಾಗಿ, ತಮ್ಮಲ್ಲಿ ತರಬೇತಿ ಪಡೆದ ಶಸ್ತ್ರಚಿಕಿತ್ಸಕರಿಗೆ ಮಾತ್ರ ಈ ಕೀಲು ದೊರೆಯುವಂತೆ ಕೆಲವು ವರ್ಷ ನಿರ್ಬಂಧಿಸಿದರು. ರೋಗಿಗಳನ್ನು ವರ್ಷಾನುಗಟ್ಟಲೆ ಕರೆಸಿ ತಪಾಸಣೆ ಮಾಡಿದರು.

ಗೌರವಗಳು

1974ರಲ್ಲಿ ಲಾಸ್ಕರ್ ಪ್ರಶಸ್ತಿ, 1975ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1977ರಲ್ಲಿ ಸರ್ ಪದವಿ ಅವರಿಗೆ ಸಂದವು. 1982ರ ಆಗಸ್ಟ್ 5ರಂದು ಅವರು ನಿಧನರಾದರು.

ಸಾರ್ವಜನಿಕರ ಗಮನಕ್ಕೆ

ಕೀಲು ಚೆನ್ನಾಗಿದೆಯೇ ಎಂಬುದು ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ತಿಳಿಯುವುದಿಲ್ಲ, ವರ್ಷಗಳ ನಂತರವೇ ತಿಳಿಯುತ್ತದೆ ಎಂಬುದು ಚಾರ್ನ್ಲಿಯವರ ಜೀವನದಿಂದ ದೊರೆಯುವ ಪಾಠ. ಆದುದರಿಂದ ಶಸ್ತ್ರಚಿಕಿತ್ಸೆ ಪಡೆದವರು ಬಿಡುಗಡೆ ಪತ್ರವನ್ನೂ, ಅಳವಡಿಸಿದ ಕೀಲಿನ ವಿವರವನ್ನೂ ಜೋಪಾನವಾಗಿರಿಸಿ, ನೋವಿಲ್ಲದಿದ್ದರೂ ನಿಗದಿತ ದಿನಗಳಂದು ತಪಾಸಣೆಗೆ ಹಾಜರಾಗತಕ್ಕದ್ದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಬಯಸುವವರು ಆಧಾರ್ ಮತ್ತು ಪಡಿತರ ಚೀಟಿಗಳೊಂದಿಗೆ ಮೊದಲು ಸಮೀಪದ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸಲು ಕೋರಲಾಗಿದೆ.