ಬಟ್ಟೆ ಅಂಗಡಿ ಗುಮಾಸ್ತರ ಮಗ ಮತ್ತು ಜೋಕಾಲಿಯ ಲೆಕ್ಕ: ರಾಮಾನುಜನ್ ನೆನಪು

ಮಿಶ್ರಿಕೋಟಿ: ನಾಗರ ಪಂಚಮಿ ಬಂತಂದ್ರೆ ಕಲಘಟಗಿ ತಾಲೂಕಿನ ನಮ್ಮ ಊರುಗಳಲ್ಲಿ ಜೋಕಾಲಿ ಕಟ್ಟದ ಮರ ಇರೋದಿಲ್ಲ. ಮೆಲ್ಲಗೆ ಜೀಕಿದಾಗ ಒಮ್ಮೆ ಹೋಗಿ ಬರಲು ಹಿಡಿಯುವ ಸಮಯಕ್ಕಿಂತ, ಹಗ್ಗ ನೆಲಕ್ಕೆ ಸಮನಾಗುವಷ್ಟು ಎತ್ತರದಿಂದ ಬಿಟ್ಟಾಗ ಸುಮಾರು ನೂರಕ್ಕೆ 18ರಷ್ಟು ಹೆಚ್ಚು ಸಮಯ ಬೇಕು. ಈ 18 ಎಲ್ಲಿಂದ ಬಂತು? ಅದನ್ನು ಹೇಳುವ ಗಣಿತದಲ್ಲೇ ಆಯುಷ್ಯ ಕಳೆದವರು ಶ್ರೀನಿವಾಸ ರಾಮಾನುಜನ್. ಅವರು ಹುಟ್ಟಿದ ಡಿಸೆಂಬರ್ 22 ನಮ್ಮ ದೇಶದ ಗಣಿತ ದಿನ.

1887ರಲ್ಲಿ ಈರೋಡಿನಲ್ಲಿ ಹುಟ್ಟಿ ಕುಂಭಕೋಣಂನಲ್ಲಿ ಬೆಳೆದರು. ತಂದೆ ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಹುಡುಗನಿಗೆ ಗಣಿತದ ಹುಚ್ಚು, ಉಳಿದ ವಿಷಯ ಬೇಡ. ಹಿಂಗಾಗಿ ಕಾಲೇಜಿನಲ್ಲಿ ನಪಾಸಾದರು, ವಿದ್ಯಾರ್ಥಿವೇತನವೂ ಹೋಯಿತು. ಕಾಗದ ತುಟ್ಟಿ ಅಂತ ಪಾಟಿಯ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರೆಸಿ, ಉತ್ತರ ಮಾತ್ರ ನೋಟ್‌ಬುಕ್ಕಿಗೆ ಬರೆಯುತ್ತಿದ್ದರು. 1912ರಲ್ಲಿ ಮದ್ರಾಸ್ ಬಂದರು ಕಚೇರಿಯಲ್ಲಿ ಗುಮಾಸ್ತರಾದರು. ತಿಂಗಳಿಗೆ 30 ರೂಪಾಯಿ ಪಗಾರ.

ಆ ನೋಟ್‌ಬುಕ್ಕಿನಲ್ಲಿ ಇದ್ದದ್ದೇನು? ಒಂದು ಸಂಖ್ಯೆ ಹಾಕಿದರೆ ಇನ್ನೊಂದು ಸಂಖ್ಯೆ ಕೊಡುವ ನಿಯಮಕ್ಕೆ ಫಂಕ್ಷನ್ ಅಂತಾರೆ. ಅದರಲ್ಲಿ ಮೂರನ್ನು ನೋಡೋಣ.

ಮೊದಲನೆಯದು ಗಾಮಾ. ಕಪಾಟಿನಲ್ಲಿ 4 ಡಬ್ಬಿಗಳನ್ನು 24 ರೀತಿ ಜೋಡಿಸಬಹುದು, 5 ಡಬ್ಬಿಗಳನ್ನು 120 ರೀತಿ. ನಾಲ್ಕೂವರೆ ಅಂದರೆ? ಆ ನಡುವಿನ ಉತ್ತರ ಕೊಡುವುದು ಗಾಮಾ.

ಎರಡನೆಯದು ಹೈಪರ್‌ಜಿಯೊಮೆಟ್ರಿಕ್ ಶ್ರೇಣಿ. ಚಕ್ರಬಡ್ಡಿಯಲ್ಲಿ ಪ್ರತಿ ವರ್ಷ ಒಂದೇ ದರದಿಂದ ಗುಣಿಸುತ್ತೇವೆ. ಇಲ್ಲಿ ಆ ದರವೇ ಒಂದು ನಿಯಮದಂತೆ ಹೆಜ್ಜೆ ಹೆಜ್ಜೆಗೆ ಬದಲಾಗುತ್ತದೆ. ಜೋಕಾಲಿಯ ಸಮಯ ಹೇಳುವುದು ಇದೇ.

ಮೂರನೆಯದು ಥೀಟಾ. ಇದರಲ್ಲಿ ಘಾತಗಳು 1, 4, 9, 16 ಹೀಗೆ ವರ್ಗ ಸಂಖ್ಯೆಗಳಲ್ಲೇ ಜಿಗಿಯುತ್ತವೆ. ಕಾದ ಕಬ್ಬಿಣದ ಸರಳಿನಲ್ಲಿ ಶಾಖ ಹರಿಯುವ ಲೆಕ್ಕಕ್ಕೆ ಇದು ಬೇಕು.

ನೋಡಲು ಮೂರೂ ಬೇರೆ ಬೇರೆ, ಆದರೆ ಇವು ಒಂದೇ ಮನೆತನದವು. ಬೇಕಾದರೆ ಅಂಗಡಿಯ ಕ್ಯಾಲ್ಕುಲೇಟರಿನಲ್ಲೇ ನೋಡ್ರಿ. ಮೇಲೆ ಹೇಳಿದ ದೊಡ್ಡ ಜೀಕಿಗೆ ಥೀಟಾದಲ್ಲಿ ಹಾಕುವ ಸಂಖ್ಯೆ 0.0432139. ಇದನ್ನು ಎರಡು ಪಟ್ಟು ಮಾಡಿ, 1 ಕೂಡಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿರಿ. 1.1803 ಬರುತ್ತದೆ, ಅಂದರೆ ಅದೇ ನೂರಕ್ಕೆ 18. ಹೈಪರ್‌ಜಿಯೊಮೆಟ್ರಿಕ್ ಶ್ರೇಣಿ ಕೂಡಿದರೂ ಇದೇ ಉತ್ತರ. ಪೈಯ ವರ್ಗಮೂಲವನ್ನು, ಮುಕ್ಕಾಲರ ಗಾಮಾ ಬೆಲೆಯ ವರ್ಗದಿಂದ ಭಾಗಿಸಿದರೂ ಇದೇ.

ಈ ಸಂಬಂಧ ಯುರೋಪಿನಲ್ಲಿ ಜಾಕೋಬಿಯಂಥವರಿಗೆ ಮೊದಲೇ ಗೊತ್ತಿತ್ತು. ರಾಮಾನುಜನ್ ತಮ್ಮದೇ ದಾರಿಯಲ್ಲಿ ಅದನ್ನು ಮುಟ್ಟಿ, ಅಲ್ಲಿಂದ ಮುಂದೆ ಹೋದರು. 1914ರಲ್ಲಿ ಇದೇ ನಂಟಿನಿಂದ ಪೈ ಬೆಲೆಗೆ ಹೊಸ ಸೂತ್ರಗಳನ್ನು ಕೊಟ್ಟರು. ಅದರಲ್ಲೊಂದನ್ನು ಹಿಡಿದು 1985ರಲ್ಲಿ ಕಂಪ್ಯೂಟರಿನಲ್ಲಿ ಪೈಯ 1.7 ಕೋಟಿಗೂ ಹೆಚ್ಚು ಅಂಕಿ ತೆಗೆದರು.

1913ರ ಜನವರಿಯಲ್ಲಿ ಕೇಂಬ್ರಿಜ್‌ನ ಹಾರ್ಡಿಗೆ ಬರೆದ ಪತ್ರ ಅವರ ಬದುಕು ಬದಲಿಸಿತು. 1914ರಲ್ಲಿ ಹಡಗು ಹತ್ತಿದರು, 1918ರಲ್ಲಿ ರಾಯಲ್ ಸೊಸೈಟಿ ಸದಸ್ಯರಾದರು. ಅಲ್ಲಿ ಆರೋಗ್ಯ ಕೆಟ್ಟು 1919ರಲ್ಲಿ ಮರಳಿದರು. 1920ರ ಜನವರಿಯಲ್ಲಿ, ಹಾಸಿಗೆ ಹಿಡಿದಾಗಲೂ, ಥೀಟಾವನ್ನೇ ಹೋಲುವ ಹೊಸ ಫಂಕ್ಷನ್‌ಗಳ ಬಗ್ಗೆ ಹಾರ್ಡಿಗೆ ಬರೆದರು. ಏಪ್ರಿಲ್ 26ಕ್ಕೆ ತೀರಿಕೊಂಡರು, ವಯಸ್ಸು ಬರೀ 32.

ನೋಟ್‌ಬುಕ್ಕಿನಲ್ಲಿ ಉತ್ತರ ಇತ್ತು, ಹೆಚ್ಚಿನ ಕಡೆ ಸಾಧನೆ ಇರಲಿಲ್ಲ. ಆ ಬಾಕಿ ತೀರಿಸಲು ಜಗತ್ತಿಗೆ ದಶಕಗಳೇ ಹಿಡಿದವು. ತೀರಿಸಿದವರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾಲಯದ ಎಸ್. ಭಾರ್ಗವ ಮತ್ತು ಚಂದ್ರಶೇಖರ ಅಡಿಗ ಇದ್ದಾರೆ. ಅಮೆರಿಕದ ಬ್ರೂಸ್ ಬರ್ನ್ಟ್ ಮೊದಲಾದವರ ಜೊತೆ ಸೇರಿ, ಎರಡನೇ ನೋಟ್‌ಬುಕ್ಕಿನ 16ನೇ ಅಧ್ಯಾಯಕ್ಕೆ 1985ರಲ್ಲಿ ಇವರು ಸಾಧನೆ ಕೊಟ್ಟರು. ಆ ಅಧ್ಯಾಯದ ವಿಷಯವೂ ಥೀಟಾನೇ.

ಕಾಲೇಜಿನಲ್ಲಿ ನಪಾಸಾದ ಹುಡುಗ ಬರೆದಿಟ್ಟದ್ದನ್ನು ಇವತ್ತು ಪ್ರೊಫೆಸರುಗಳು ಕೂತು ಓದುತ್ತಾರೆ. ಮನೆಯಲ್ಲಿ ಒಂದೇ ವಿಷಯದ ಹುಚ್ಚು ಹಿಡಿದ ಮಗು ಇದ್ದರೆ, ಅಂಕಪಟ್ಟಿ ನೋಡಿ ಬೈಯುವ ಮೊದಲು ಈ ಕಥೆ ಒಮ್ಮೆ ನೆನಪಿಸಿಕೊಳ್ರಿ.